ಉಬ್ಬರಕ್ಕೆ ಕಾಲಂ ಇಲ್ಲ

ಬಡವರ ಮನೆ ಹೇಗಿರುತ್ತದೆ ಎಂದು ದೆಹಲಿಯಲ್ಲಿ ಕೂತು ಬರೆದವರು ಯಾರೇ ಇರಲಿ, ಅವರು ಉಪ್ಪುನೀರನ್ನು ಕಂಡವರಲ್ಲ. ಈ ವಿಷಯದಲ್ಲಿ ಚಂದ್ರಾವತಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಕೈಯಲ್ಲಿದ್ದ ಸರ್ಕಾರಿ ಫೋನಿಗೆ ಅದನ್ನು ಹೇಗೆ ತಿಳಿಸುವುದು ಎಂಬುದೊಂದೇ ಅವಳಿಗೆ ಹೊಳೆಯುತ್ತಿರಲಿಲ್ಲ.

ಅವಳು ನಿಂತಿದ್ದದ್ದು ಜಾಯ್ಸ್ ಎಂಬವಳ ಮನೆಯೊಳಗೆ. ವೈಟ್ಟಿಲದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿ, ಸೇತುವೆ ದಾಟಿ ಇಳಿದು, ಸಿಗಡಿ ಕೆರೆಗಳ ನಡುವಿನ ಏರಿಯ ಮೇಲೆ ನಡೆದರೆ ಸಿಗುವ ಹಿನ್ನೀರಿನ ದ್ವೀಪ ಅದು. ಜಾಯ್ಸ್ ಅಲ್ಲಿನ ಶೆಡ್ಡೊಂದರಲ್ಲಿ ಸಿಗಡಿ ಸುಲಿಯುವ ಹೆಂಗಸು. ಗಂಡ ತೀರಿಕೊಂಡಿದ್ದ; ಹಾಸಿಗೆ ಹಿಡಿದ ತಾಯಿಯೊಬ್ಬಳಿದ್ದಳು. ಕೇಂದ್ರದ ವಸತಿ ಯೋಜನೆಯಲ್ಲಿ ಮನೆ ಕೇಳಿ ಪಂಚಾಯತಿಗೆ ಅರ್ಜಿ ಹಾಕಿದ್ದಳು, ಪಂಚಾಯತ್ ಅದನ್ನು ಜಿಲ್ಲೆಗೆ ಕಳಿಸಿತ್ತು. ಜಿಲ್ಲೆಯವರು ಕಳಿಸಿದ್ದು ಸರಿಯೋ ತಪ್ಪೋ ಎಂದು ನೋಡಿ ಫೋಟೋ ಹಿಡಿದು ಒಪ್ಪಿಸುವುದು ತಿರುವನಂತಪುರದ ಕೇಂದ್ರ ಸರ್ಕಾರದ ಆಫೀಸಿನಿಂದ ಬಂದ ಚಂದ್ರಾವತಿಯ ಕೆಲಸ.

ನವೆಂಬರ್ ನಡುವಿಗೆ ವೃಶ್ಚಿಕ ಮಾಸ ಬಂತೆಂದರೆ ಆ ಮನೆಯೊಳಕ್ಕೆ ಬೆಳಗಿನ ಉಬ್ಬರ ಹೇಳದೆ ಕೇಳದೆ ಬರುತ್ತದೆ. ಬಿಸಿಲೇರಿದ ಮೇಲೆ ತಿರುಗಿ ಹೋಗುತ್ತದೆ, ಹೋಗುವಾಗ ಗೋಡೆಯ ಒಂದಿಷ್ಟನ್ನು ಕಟ್ಟಿಕೊಂಡೇ ಹೋಗುತ್ತದೆ. ಮೊಣಕಾಲೆತ್ತರದ ತನಕ ಕೆಂಪುಕಲ್ಲು ಬೆರಳು ತಾಗಿದರೆ ರವೆಯ ಹಾಗೆ ಉದುರುತ್ತಿತ್ತು. ಮುಂದಿನ ಗೋಡೆ ಹೊಟ್ಟೆ ಮುಂದೆ ಮಾಡಿ ನಿಂತಿತ್ತು. ತಾಯಿಯ ಮಂಚದ ಕಾಲುಗಳ ಕೆಳಗೆ ವರ್ಷಕ್ಕೊಂದರಂತೆ ಕಲ್ಲು ಏರಿಸುತ್ತ ಬಂದು, ಈಗ ಆ ಅಮ್ಮಚ್ಚಿ ಕಿಟಕಿಯ ಮಟ್ಟಕ್ಕೆ ಮಲಗಿದ್ದಳು. ಇಷ್ಟು ಸಾಲದು ಎಂಬಂತೆ, ಆಫೀಸರು ಬರುತ್ತಾರೆ ಎಂದು ಜಾಯ್ಸ್ ಹಿಂದಿನ ದಿನವೇ ಗೋಡೆಗೆಲ್ಲ ಸುಣ್ಣ ಬಳಿದಿದ್ದಳು! ಬಂದವರೆದುರು ಉಪ್ಪಿನ ಕಲೆ ತೋರಿಸುವುದು ಮರ್ಯಾದೆಯಲ್ಲವಂತೆ.

ಮನೆಯ ಎದುರಿನ ಫೋಟೋ ಹಿಡಿದಾದ ಮೇಲೆ "ಗೋಡೆ ಯಾವುದರದು?" ಎಂದು ಫೋನು ಕೇಳಿತು. ಕಲ್ಲು ಎಂದು ಒತ್ತಿದಳು. "ಮಾಡು ಯಾವುದರದು?" ಹಂಚು ಎಂದು ಒತ್ತಿದಳು. ಪಕ್ಕಾ ಗೋಡೆ, ಪಕ್ಕಾ ಮಾಡು, ಆದ್ದರಿಂದ ಪಕ್ಕಾ ಮನೆ. ಅರ್ಜಿದಾರರು ಅನರ್ಹರು ಎಂದು ಕೆಂಪಕ್ಷರ ಬಂತು. ನೀರು ಎಲ್ಲಿ ಬರೆಯುವುದು ಎಂದು ಅವಳು ಮೇಲೆ ಕೆಳಗೆ ಹುಡುಕಿದಳು. ಹುಲ್ಲಿಗೆ, ಮಣ್ಣಿಗೆ, ಬಿದಿರಿಗೆ, ಗೋಣಿಗೆ ಎಲ್ಲಕ್ಕೂ ಜಾಗ ಇತ್ತು. ಉಬ್ಬರಕ್ಕೆ ಮಾತ್ರ ಕಾಲಂ ಇರಲಿಲ್ಲ.

"ಏನಾಯ್ತು ಮೇಡಂ?" ಎಂದು ಬಾಗಿಲಲ್ಲಿ ನಿಂತಿದ್ದ ವಿಲ್ಸನ್ ಮಲಯಾಳದಲ್ಲಿ ಕೇಳಿದ. ಅವನು ಆ ವಾರ್ಡಿನ ಮೆಂಬರು. ಯಾರ ಮನೆಯ ಕೆಲಸವಾದರೂ ತನ್ನ ಮನೆಯದೇ ಎಂದು ಮುಂಡು ಮೇಲೆತ್ತಿ ಕಟ್ಟಿ ಓಡಾಡುವ ಮನುಷ್ಯ.

ಚಂದ್ರಾವತಿಗೆ ಮೈಯೆಲ್ಲ ಉರಿಯುತ್ತಿತ್ತು. "ಏನಾಗುವುದು? ಆ ಹಂಚು ಮೇಲಿರುವವರೆಗೆ ಈ ಫೋನು ನಿಮ್ಮನ್ನು ಬಡವರೆಂದು ಒಪ್ಪುವುದಿಲ್ಲ," ಎಂದು ತಾನೂ ಮಲಯಾಳದಲ್ಲೇ ಹೇಳಿದಳು. ಜಾಯ್ಸ್ ತಲೆಯೆತ್ತಿ ಹಂಚನ್ನು ನೋಡಿದಳು, ವಿಲ್ಸನ್ನೂ ನೋಡಿದ. ಆಡುವವರ ಸಿಟ್ಟು ಕೇಳುವವರಿಗೆ ಹೇಗೆ ಕೇಳಿಸುತ್ತದೆ ಎಂದು ಯೋಚಿಸುವ ತಾಳ್ಮೆ ಆಗ ಅವಳಿಗಿರಲಿಲ್ಲ.

ರೈಲಿನಲ್ಲಿ ಕೂತು ತಿರುವನಂತಪುರದ ತನಕ ಅವಳು ಅದನ್ನೇ ಜಗಿದಳು. ಊರಂಚಿನ ಶ್ರೀಕಾರ್ಯದಲ್ಲಿದ್ದ ಮನೆಗೆ ಬಂದು ಚಪ್ಪಲಿ ಕಳಚುವ ಮುಂಚೆಯೇ ಗಂಡನ ಮುಂದೆ ಕಕ್ಕಿದಳು. ಕೃಷ್ಣಾನಂದ ಅಲ್ಲೇ ಹತ್ತಿರದ ಸಂಶೋಧನಾ ಸಂಸ್ಥೆಯಲ್ಲಿ ಮರಗೆಣಸಿನ ವಿಜ್ಞಾನಿ. ಇಬ್ಬರೂ ಮೂಲ್ಕಿಯ ಕಡೆಯವರು.

"ಹಂಚಿನ ಮನೆ ಅಂದ್ರೆ ಒಳ್ಳೆ ಮನೆಯೇ ಅಲ್ವಾ ಮಾರಾಯ್ತಿ?" ಎಂದ ಅವನು. "ನಮ್ಮ ಅಜ್ಜನ ಮನೆ ಹಂಚಿನದ್ದೇ. ಈಗಲೂ ಗಟ್ಟಿ ಉಂಟು."

"ನಿಮ್ಮ ಅಜ್ಜನ ಮನೆಯೊಳಗೆ ಸಮುದ್ರ ಬರ್ತದಾ?"

"ಇಲ್ಲ."

"ಹಾಗಾದ್ರೆ ಸುಮ್ಮನೆ ಊಟಕ್ಕೆ ಕೂತ್ಕೊಳ್ಳಿ. ಆ ಹೆಂಗಸಿಗೆ ಮನೆ ಸಿಗದಿದ್ರೆ ಈ ಮಳೆಗಾಲಕ್ಕೆ ಗೋಡೆ ಅವಳ ತಾಯಿಯ ಮೇಲೆಯೇ ಬೀಳ್ತದೆ. ನನಗೆ ನಿದ್ದೆ ಬರುದಿಲ್ಲ."

ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಈ ಕತೆಯಲ್ಲಿ ಪೂಜಾರಿಗಳು ಒಬ್ಬಿಬ್ಬರಲ್ಲ. ಪಂಚಾಯತ್ ಸೆಕ್ರೆಟರಿ ಜಿಲ್ಲೆಯ ಕಡೆ ಕೈ ತೋರಿಸಿದ, ಜಿಲ್ಲೆಯವರು ರಾಜ್ಯದ ಕಡೆ ತೋರಿಸಿದರು, ರಾಜ್ಯದವರು ಚಂದ್ರಾವತಿಯ ಆಫೀಸಿನ ಕಡೆಗೇ ತೋರಿಸಿದರು. ಅಲ್ಲಿ ಅವಳ ಮೇಲಧಿಕಾರಿ ಧರಣೇಂದ್ರ ಇದ್ದರು, ಬೆಳಗಾವಿ ಕಡೆಯವರು. ಒಳ್ಳೆಯವರೇ, ಆದರೆ ನಿಯಮದ ಮಾತು ಬಂತೆಂದರೆ ಕಲ್ಲಿನ ಮೇಲೆ ನೀರು ಹೊಯ್ದ ಹಾಗೆ.

"ನಾ ಏನ್ ಮಾಡ್ಲಿರಿ ಮೇಡಂ? ಮ್ಯಾಲಿಂದ ಬಂದದ್ದು. ನಾವು ಬರೇ ಟಪಾಲ ಇದ್ದಂಗ."

ಮೊದಲ ಸಲ ಅವಳು ಸುಮ್ಮನೆ ಎದ್ದು ಬಂದಳು. ಎರಡನೆಯ ಸಲ ಉಬ್ಬರದ ಫೋಟೋಗಳನ್ನು ತೋರಿಸಿದಳು. ಅವರು ಕನ್ನಡಕ ಮೇಲೇರಿಸಿ ನೋಡಿ, ಅಯ್ಯೋ ಪಾಪ ಎಂದು, ಚಹಾ ತರಿಸಿದರು. ಮತ್ತೊಂದು ದಿನ ತಲೆ ಕೆಟ್ಟು ಕೇಳಿದಳು: "ಸರ್, ನಿಮ್ಮ ಊರಲ್ಲಿ ಮಣ್ಣಿನ ಮಾಳಿಗೆಯ ಮನೆ ಉಂಟಲ್ಲ?"

"ಅದಾವಲ್ರಿ. ನಮ್ಮ ಮುತ್ತ್ಯಾ ಕಟ್ಟಿಸಿದ್ದು ಇನ್ನೂ ಐತಿ. ಒಂದ್ ಹನಿ ಸೋರಂಗಿಲ್ಲ. ಬ್ಯಾಸಗ್ಯಾಗ ಒಳಗ ಎಷ್ಟು ತಂಪಿರ್ತದ ಅಂತೀರಿ!"

"ಈ ಫೋನಿನ ಪ್ರಕಾರ ಅದು ಕಚ್ಚಾ ಮನೆ ಸರ್. ಗೋಡೆ ಮಣ್ಣು, ಮಾಡೂ ಮಣ್ಣು. ನಿಮ್ಮ ಮುತ್ತಾತನಿಗೆ ಯೋಜನೆಯಲ್ಲಿ ಮನೆ ಸಿಗ್ತದೆ. ಜಾಯ್ಸಿಗೆ ಸಿಗುದಿಲ್ಲ."

"ನಮ್ಮ ಮನಿಗೆ ಕಚ್ಚಾ ಅಂದಾಂವ ಯಾಂವರಿ?" ಎಂದು ಧರಣೇಂದ್ರ ಕುರ್ಚಿ ಬಿಟ್ಟು ಎದ್ದರು. ಜಾಯ್ಸ್‌ಳ ಗೋಡೆ ಉದುರುತ್ತಿದೆ ಎಂದಾಗ ಅಲ್ಲಾಡದ ಕುರ್ಚಿ ಅದು. ಮನುಷ್ಯನಿಗೆ ತನ್ನ ಮನೆಯ ಬುಡಕ್ಕೆ ಬಂದಾಗಲೇ ನಿಯಮದ ತೂತು ಕಾಣಿಸುವುದು. ಸಿಟ್ಟೂ ಒಂದು ನಮೂನೆಯ ಇಂಧನ ತಾನೇ ಎಂದುಕೊಂಡು ಚಂದ್ರಾವತಿ ಆ ದಿನವೇ ಕೂತು, ನಿಯಮ ತಿದ್ದಬೇಕೆಂದು ಅವರಿಂದ ಟಿಪ್ಪಣಿ ಬರೆಸಿಕೊಂಡಳು.

ಟಿಪ್ಪಣಿ ದೆಹಲಿಗೆ ಹೋಯಿತು, ಪ್ರಶ್ನೆ ಹೊತ್ತು ವಾಪಸು ಬಂತು, ಉತ್ತರ ಹೊತ್ತು ಮತ್ತೆ ಹೋಯಿತು. 'ಉಬ್ಬರ ಅಂದರೆ ನೆರೆಯೇ?' ಎಂದು ಅಲ್ಲಿಂದ ಕೇಳಿದರು. 'ಅಲ್ಲ' ಎಂದು ಬರೆದಳು. 'ನೆರೆಯಲ್ಲದಿದ್ದರೆ ನೀರು ಒಳಗೆ ಹೇಗೆ ಬಂತು?' ಎಂದು ಕೇಳಿದರು. ಚಂದ್ರಾವತಿ ಹಲ್ಲು ಕಚ್ಚಿ ಚಂದ್ರ, ಹುಣ್ಣಿಮೆ, ಅಮಾವಾಸ್ಯೆ ಎಲ್ಲವನ್ನೂ ಶಾಲೆಯ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಬರೆದಳು. ಮಗಳು ಅಪೂರ್ವಾ ಹಿಂದಿನಿಂದ ಇಣುಕಿ ನೋಡಿ, "ಅಮ್ಮೇ, ಇದು ನಮ್ಮ ಆರನೇ ಕ್ಲಾಸಿನ ಪಾಠ," ಎಂದು ಮಲಯಾಳದಲ್ಲಿ ನಕ್ಕಳು.

ಅಂತೂ ಇಂತೂ ಆದೇಶ ಬಂತು. ಉಪ್ಪುನೀರು ಒಳಗೆ ಬರುವ ಮನೆಗಳನ್ನು, ಗೋಡೆ ಹಂಚು ಏನೇ ಇರಲಿ, ಮತ್ತೊಮ್ಮೆ ಪರಿಶೀಲಿಸಬಹುದು. ಉಬ್ಬರದ ಹೊತ್ತಿಗೆ, ನೀರು ಒಳಗೆ ನಿಂತಿರುವಾಗ ಫೋಟೋ ಹಿಡಿಯಬೇಕು. ಅದು ಮೊದಲ ಫೋಟೋದಲ್ಲಿದ್ದ ಅದೇ ಮನೆಯಾಗಿರಬೇಕು. ಪರಿಶೀಲನೆ ಮುಗಿಯುವ ತನಕ ಅರ್ಜಿದಾರರಿಗೆ ವಿಷಯ ತಿಳಿಸಕೂಡದು. ತಿಳಿದರೆ ದಲ್ಲಾಳಿಗಳು ಹುಟ್ಟಿಕೊಳ್ಳುತ್ತಾರೆ ಎಂಬ ಭಯ.

ಚಂದ್ರಾವತಿ ಆದೇಶವನ್ನು ಮತ್ತೆ ಮತ್ತೆ ಓದಿ ಒಬ್ಬಳೇ ನಕ್ಕಳು. ಅಷ್ಟು ಖುಷಿ ಅವಳಿಗೆ ಈ ನೌಕರಿಯಲ್ಲಿ ಎಂದೂ ಆಗಿರಲಿಲ್ಲ. ಆದರೂ ನಿಯಮ ನಿಯಮವೇ. ಅದನ್ನು ಬದಲಾಯಿಸಲು ಇಷ್ಟು ಗುದ್ದಾಡಿದವಳು ತಾನೇ ಅದನ್ನು ಮೀರುವುದು ಹೇಗೆ? ವಿಲ್ಸನ್‌ಗೆ ಫೋನು ಮಾಡಿ, "ಭಾನುವಾರ ಉಬ್ಬರದ ಹೊತ್ತಿಗೆ ಬರ್ತೇನೆ. ಜಾಯ್ಸ್‌ಳ ಮನೆ ಇನ್ನೊಂದ್ಸಲ ನೋಡ್ಲಿಕ್ಕೆ," ಎಂದಷ್ಟೇ ಹೇಳಿದಳು.

"ಯಾಕೆ ಮೇಡಂ? ಏನಾದ್ರೂ ಆಯ್ತಾ?"

"ಈಗ ಹೇಳುವ ಹಾಗಿಲ್ಲ. ಬಂದ ಮೇಲೆ ಹೇಳ್ತೇನೆ."

"ಆಯ್ತು ಮೇಡಂ, ಆಯ್ತು," ಎಂದ ವಿಲ್ಸನ್. ಎಲ್ಲ ಅರ್ಥವಾದವನ ದನಿ ಅದು. ಅವನಿಗೆ ಅರ್ಥವಾದದ್ದೇನು ಎಂದು ಇವಳು ಕೇಳಲಿಲ್ಲ.

ಭಾನುವಾರ ಅವಳು ಏರಿಯ ಮೇಲೆ ನಡೆದು ಹೋಗುವಾಗ ಎರಡೂ ಬದಿಯ ಕೆರೆಗಳು ತುಂಬಿ ನೀರು ದಾರಿಗೇ ಬಂದಿತ್ತು. ಎಂದೂ ಇಲ್ಲದ ಹಾಗೆ ಅವಳಿಗೆ ಆ ನೀರನ್ನು ಕಂಡು ಸಂತೋಷವಾಯಿತು. ಬಾ ತಾಯಿ, ಇವತ್ತೊಂದು ದಿನ ಚೆನ್ನಾಗಿ ಒಳಗೆ ಬಾ ಎಂದು ಮನಸ್ಸಿನಲ್ಲೇ ಕರೆದಳು. ವಿಲ್ಸನ್ ದೂರದಿಂದಲೇ ಕೈ ಬೀಸುತ್ತ ನಿಂತಿದ್ದ. ಅವನ ಹಿಂದೆ ಅಕ್ಕಪಕ್ಕದ ಏಳೆಂಟು ಗಂಡಸರು, ಮೈಕೈಯೆಲ್ಲ ಕೆಂಪು ಧೂಳು, ಮದುವೆ ಚಪ್ಪರ ಹಾಕಿ ಮುಗಿಸಿದವರ ಮುಖ. ಅವರ ಹಿಂದೆ ಮನೆ ಇರಬೇಕಿತ್ತು.

ಮನೆಯ ಮೇಲೆ ಹಂಚು ಇರಲಿಲ್ಲ. ಹಂಚು ಹೊರುವ ಮರದ ಪಕ್ಕಾಸುಗಳೂ ಇರಲಿಲ್ಲ. ಹಂಚುಗಳನ್ನೆಲ್ಲ ತೆಂಗಿನಮರದ ಬುಡದಲ್ಲಿ ಎತ್ತರವಾಗಿ ಪೇರಿಸಿಟ್ಟಿದ್ದರು. ಮಾಡಿನ ಭಾರ ಹೋದದ್ದೇ ಮುಂದಿನ ಗೋಡೆ ವಾಲಿಕೊಂಡಿತಂತೆ. ಯಾರ ಮೇಲಾದರೂ ಬಿದ್ದೀತು ಎಂದು ಅದನ್ನೂ ತಾವೇ ದೂಡಿ ಹಾಕಿದ್ದರು. ಉಳಿದ ಮೂರು ಗೋಡೆಗಳ ಮೇಲೆ ನೀಲಿ ಟಾರ್ಪಾಲು. ಉಬ್ಬರದ ನೀರು ಒಳಗೂ ಹೊರಗೂ ಒಂದೇ ಮಟ್ಟದಲ್ಲಿ ನಿಂತಿತ್ತು.

"ನಿನ್ನೆಯೇ ಎಲ್ಲ ಇಳಿಸಿಬಿಟ್ಟೆವು ಮೇಡಂ," ಎಂದ ವಿಲ್ಸನ್, ಹೆಮ್ಮೆಯಿಂದ. "ಕೂಲಿಯವರನ್ನು ಕರೆಯಲಿಲ್ಲ, ನಾವೇ ಮಾಡಿದ್ದು. ಅಮ್ಮಚ್ಚಿಯನ್ನು ನಮ್ಮ ಮನೆಯ ಜಗಲಿಯಲ್ಲಿ ಮಲಗಿಸಿದ್ದೇವೆ. ಇನ್ನು ನಿಮ್ಮ ಫೋನು ಒಪ್ತದಲ್ಲ?"

ಬೇರೇನು ಮಾಡಲೂ ತೋಚದೆ ಚಂದ್ರಾವತಿ ಫೋನು ತೆಗೆದಳು. ಮೊದಲ ಫೋಟೋ ಪರದೆಯ ಮೇಲೆ ತೆಳ್ಳಗೆ ಮೂಡಿತು: ಸುಣ್ಣ ಬಳಿದ ಗೋಡೆ, ಹಂಚಿನ ಮಾಡು. ಅದರ ಹಿಂದೆ ಕಂಡದ್ದು ನೀಲಿ ಟಾರ್ಪಾಲು. 'ಹೊಂದುತ್ತಿಲ್ಲ' ಎಂದಿತು ಫೋನು. ಮನೆ ಈಗ ಇಲ್ಲವೇ ಎಂದು ಕೇಳಿತು. ಇಲ್ಲ ಎಂದರೆ ಅರ್ಜಿ ರದ್ದು, ಮನೆಯಿಲ್ಲದವರೆಂದು ಹೊಸದಾಗಿ ಹಾಕಬೇಕು. ಆ ಅರ್ಜಿಯ ಬಾಗಿಲು ಮುಚ್ಚಿ ವರ್ಷವಾಗಿತ್ತು. ಅವಳು ಏನನ್ನೂ ಒತ್ತದೆ ಬೆರಳು ಹಿಂದೆ ತೆಗೆದಳು.

ಎಲ್ಲವನ್ನೂ ಬಿಡಿಸಿ ಹೇಳಿದಳು. ಹೊಸ ಆದೇಶ, ಉಬ್ಬರದ ಫೋಟೋ, ಹಂಚು ಇದ್ದರೂ ಸಿಗುತ್ತಿದ್ದ ಮನೆ. ಹೇಳುತ್ತಿದ್ದಂತೆ ಗಂಡಸರ ಮುಖಗಳು ಒಂದೊಂದಾಗಿ ಇಳಿದವು. ಒಬ್ಬ ಕೈಯ ಕೆಂಪು ಧೂಳನ್ನು ಮುಂಡಿಗೆ ಒರೆಸಿಕೊಂಡ.

"ಆದರೆ ಹಂಚು ಇರುವವರೆಗೆ ಆಗುವುದಿಲ್ಲ ಅಂತ ನೀವೇ ಅಲ್ಲವಾ ಹೇಳಿದ್ದು?" ಎಂದು ವಿಲ್ಸನ್ ಮೆಲ್ಲಗೆ ಕೇಳಿದ. ಜಗಳಕ್ಕಲ್ಲ, ನಿಜವಾಗಿ ತಿಳಿದುಕೊಳ್ಳಲು. ಅದೇ ಅವಳಿಗೆ ಹೆಚ್ಚು ನೋವಾದದ್ದು.

"ನಾನೇ ಹೇಳಿದ್ದು," ಎಂದಳು ಚಂದ್ರಾವತಿ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬೇಡದ ದಿನ ಸಿಟ್ಟಿನಲ್ಲಿ ಬಾಯಿ ಬಿಟ್ಟವಳು, ಬೇಕಾದ ದಿನ ನಿಯಮಕ್ಕೆ ಹೆದರಿ ಮುಚ್ಚಿಕೊಂಡಿದ್ದಳು. ದೆಹಲಿಯವರನ್ನು ಬೈಯೋಣವೆಂದರೆ ಅವರು ಈ ಸಲ ಏನೂ ತಪ್ಪು ಮಾಡಿರಲಿಲ್ಲ.

ಗಂಡಸರ ಹಿಂದೆ ನಿಂತಿದ್ದ ಜಾಯ್ಸ್ ನೀರಿನಲ್ಲಿ ನಡೆದು ಹೋಗಿ ಹಂಚಿನ ರಾಶಿಯ ಮೇಲೆ ಕೈಯಿಟ್ಟು ನಿಂತಳು.

"ಒಂದೂ ಒಡೆದಿಲ್ಲ ಮೇಡಂ," ಎಂದಳು. "ಪಕ್ಕಾಸು ಸ್ವಲ್ಪ ಕುಂಬಾಗಿ ಮೆತ್ತಗಾಗಿದೆ, ಆದರೂ ತಡೆಯುತ್ತದೆ. ಗೋಡೆಯ ಕಲ್ಲೂ ಇಲ್ಲೇ ಇದೆ. ಇವರೆಲ್ಲ ಕೈ ಕೊಟ್ಟರೆ ಮುಂದಿನ ಭಾನುವಾರದೊಳಗೆ ವಾಪಸು ಎಬ್ಬಿಸುತ್ತೇನೆ. ನೀವು ಒಂದು ಮಾತ್ರ ಸರಿಯಾಗಿ ಹೇಳಿ. ಹೇಗೆ ಕಟ್ಟಬೇಕು? ನಿಲ್ಲುವ ಹಾಗಾ, ಬೀಳುವ ಹಾಗಾ?"

ಯಾರೂ ನಗಲಿಲ್ಲ. ಅವಳು ತಮಾಷೆಗೆ ಕೇಳಿರಲಿಲ್ಲ. ಆಫೀಸರು ಹೇಳಿದ ಹಾಗೆ ಒಮ್ಮೆ ಮಾಡಿ ಕೆಟ್ಟಿದ್ದಳು, ಈ ಸಲ ಕೇಳಿಯೇ ಮಾಡೋಣ ಎಂದಷ್ಟೇ ಅವಳಿಗಿದ್ದದ್ದು.

ಚಂದ್ರಾವತಿ ಚಪ್ಪಲಿ ಬಿಟ್ಟು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ನೀರಿಗಿಳಿದಳು. ಇದು ಸರಿಯೋ ತಪ್ಪೋ ಎಂದು ಕೇಳಿಕೊಳ್ಳುವ ಧೈರ್ಯ ಅವಳಿಗಿರಲಿಲ್ಲ.

"ಫೋಟೋದಲ್ಲಿ ಇದ್ದ ಹಾಗೆ," ಎಂದಳು.

ಗಂಡಸರು ಕಲ್ಲು ಹೆಕ್ಕತೊಡಗಿದರು. ಗೋಡೆ ಎಲ್ಲಿ ಎಷ್ಟು ಹೊಟ್ಟೆ ಬಿಟ್ಟಿತ್ತು ಎಂದು ಅವರಿಗೆ ಕಾಣಲೆಂದು, ಅವಳು ಮೊಣಕಾಲುದ್ದ ನೀರಿನಲ್ಲಿ ಫೋನನ್ನು ಎತ್ತಿ ಹಿಡಿದು ನಿಂತಳು.