ಮುಂದಕ್ಕೆ ಹೋದ ಮುಂಜಿ

ಚಿರಂತನನ ಮುಂಜಿಯನ್ನು ಮೇ ತಿಂಗಳ ರಜೆಯಲ್ಲಿ ಮೈಸೂರಿನಲ್ಲಿ ಮಾಡುವುದೆಂದು ಫೆಬ್ರವರಿಯಲ್ಲೇ ನಿಶ್ಚಯವಾಗಿತ್ತು. ಹುಡುಗನಿಗೆ ಆಗಲೇ ಹದಿನಾಲ್ಕು. ತಡವಾಯಿತೆಂದು ಮೈಸೂರಿನ ತಾತ ಎರಡು ವರ್ಷದಿಂದ ಹೇಳುತ್ತಲೇ ಇದ್ದರು. ಅವರೇ ಓಡಾಡಿ ಮುಹೂರ್ತ ಇಡಿಸಿದರು, ಛತ್ರ ಗೊತ್ತುಮಾಡಿದರು, ಅಡುಗೆಯವರಿಗೆ ಹೇಳಿದರು. ಇತ್ತ ಪರದೇಶದ ಊರಾದ ನ್ಯೂವೆಗೈನ್‌ನಲ್ಲಿ ಹರಿಪ್ರಸಾದ ತನಗೆ, ಹೆಂಡತಿ ಮೈಥಿಲಿಗೆ, ಚಿರಂತನನಿಗೆ ಮತ್ತು ಒಂಬತ್ತು ವರ್ಷದ ಮಗಳು ನಿಖಿತಾಳಿಗೆ ಟಿಕೆಟ್ ತೆಗೆಸಿ, ಆಫೀಸಿನಲ್ಲಿ ರಜೆಯನ್ನೂ ಹಾಕಿದ.

ಮಾರ್ಚ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಎಲ್ಲರೂ ದೋಸೆ ತಿನ್ನುತ್ತಿದ್ದಾಗ ಚಿರಂತನ ಅಪ್ಪನ ತಟ್ಟೆಯ ಪಕ್ಕ ಒಂದು ಹಾಳೆ ಇಟ್ಟ.

"ನಾನು ಮುಂಜಿ ಮಾಡ್ಕೊಳಲ್ಲ," ಎಂದ. "ರೀಸನ್ಸ್ ಎಲ್ಲ ಬರ್ದಿದೀನಿ. ಓದು."

ಇಂಗ್ಲಿಷಿನಲ್ಲಿ ಏಳು ಕಾರಣಗಳಿದ್ದವು. ನಿಖಿತಾಳಿಗೆ ಯಾಕೆ ಮಾಡುವುದಿಲ್ಲ ಎಂಬುದು ಮೊದಲನೆಯದು. ಬೇರೆ ಜಾತಿಯವರಿಗೆ ಯಾಕಿಲ್ಲ ಎಂಬುದು ಎರಡನೆಯದು. ಅರ್ಥ ಗೊತ್ತಿಲ್ಲದ ಮಂತ್ರ ಹೇಳಿದರೆ ಅದು ಪ್ರಾರ್ಥನೆಯೋ ನಾಟಕವೋ ಎಂದು ಇನ್ನೊಂದು ಕಡೆ ಕೇಳಿದ್ದ.

ಹರಿಪ್ರಸಾದ ವಾರಗಟ್ಟಲೆ ಆ ಹಾಳೆಯೊಡನೆ ಗುದ್ದಾಡಿದ. ಟ್ರೇನಿನಲ್ಲಿ ಕೂತು ಉತ್ತರ ಯೋಚಿಸಿಕೊಂಡು ಬಂದು ಊಟದ ಹೊತ್ತಿಗೆ ಹೇಳುತ್ತಿದ್ದ. ಚಿರಂತನ ತಲೆ ತಗ್ಗಿಸಿ ಕೇಳಿಸಿಕೊಂಡು, ಕೊನೆಗೆ "ಸ್ಟಿಲ್ ನೋ" ಎನ್ನುತ್ತಿದ್ದ. ಹೆಂಡತಿಯಿಂದಲೂ ಸಹಾಯ ಸಿಗಲಿಲ್ಲ.

"ಮೊದಲನೇ ಪ್ರಶ್ನೆಗೆ ನನ್ನ ಹತ್ರಾನೂ ಉತ್ತರ ಇಲ್ಲ ರೀ," ಎಂದಳು ಮೈಥಿಲಿ.

ಆದರೂ ಅವಳಿಗೆ ಬೇರೆಯೇ ಅನುಮಾನವಿತ್ತು. ಇಲ್ಲಿನ ಹುಡುಗರು ನಗುತ್ತಾರೆಂದು ಇವನು ಹೆದರಿರಬೇಕು ಎಂದುಕೊಂಡು, "ತಲೆ ಪೂರ್ತಿ ಬೋಳಿಸಲ್ಲ ಕಣೋ, ಶಾಸ್ತ್ರಕ್ಕೆ ನಾಲ್ಕು ಕೂದಲು ತೆಗೀತಾರೆ ಅಷ್ಟೇ," ಎಂದು ಸಮಾಧಾನ ಹೇಳಿದಳು.

"ತಲೆ ವಿಷ್ಯ ಅಲ್ಲಮ್ಮ," ಎಂದು ಅವನು ರೂಮಿಗೆ ಹೋದ.

ಹರಿಪ್ರಸಾದನಿಗೆ ಮಾತ್ರ, ಹುಡುಗ ತಮ್ಮ ಕೈ ತಪ್ಪುತ್ತಿದ್ದಾನೆ, ಇಲ್ಲಿಗೆ ಬಂದದ್ದೇ ತಪ್ಪಾಯಿತು ಎಂಬ ಕೊರಗು ಹತ್ತಿಕೊಂಡಿತು.

ಏಪ್ರಿಲ್ ಮೊದಲ ವಾರ ಚಿರಂತನನ ಕ್ಲಾಸ್ ಮೆಂಟರ್ ಒಂದು ಮೇಲ್ ಕಳಿಸಿದರು. ಮೊಣಕಾಲು ನೋವೆಂದು ಅವನು ಏಳು ವಾರದಿಂದ ಆಟದ ಪೀರಿಯಡ್‌ನಲ್ಲಿ ಬೆಂಚಿನ ಮೇಲೆ ಕೂತಿದ್ದಾನೆ, ಡಾಕ್ಟರಿಗೆ ತೋರಿಸಿದ್ದೀರಾ ಎಂದು ಕೇಳಿದ್ದರು. ಹರಿಪ್ರಸಾದ ಅದನ್ನು ಎರಡು ಸಲ ಓದಿದ. ಮಗ ದಿನಾ ಎಂಟು ಕಿಲೋಮೀಟರ್ ಸೈಕಲ್ ತುಳಿಯುತ್ತಾನೆ, ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಾನೆ. ಮೊಣಕಾಲಿಗೇನೂ ಆಗಿಲ್ಲ.

ತಕ್ಷಣ ಕರೆದು ಕೇಳಿಬಿಡೋಣವೆನ್ನಿಸಿತು. ಆದರೆ ಎದುರು ಕೂರಿಸಿಕೊಂಡು ಮಾತಾಡಿದ್ದೆಲ್ಲ ಇಷ್ಟು ದಿನ ಜಗಳದಲ್ಲೇ ಮುಗಿದಿತ್ತು. ಶನಿವಾರದವರೆಗೆ ತಡೆದು, "ಬಾ, ಸ್ವಲ್ಪ ಸೈಕಲ್ ಹೊಡ್ಕೊಂಡು ಬರೋಣ," ಎಂದ.

ಕಾಲುವೆಯ ದಂಡೆಗುಂಟ ಹಡಗು ದಾಟಿಸಲು ನೀರನ್ನು ಏರಿಸಿ ಇಳಿಸುವ ದೊಡ್ಡ ಲಾಕ್‌ಗೇಟಿನವರೆಗೆ ಹೋದರು. ಅಪರೂಪದ ಬಿಸಿಲು. ದಾರಿಯಲ್ಲಿ ಎದುರಾದವರೆಲ್ಲ ತೋಳಿಲ್ಲದ ಬನಿಯನ್ನಿನಲ್ಲಿದ್ದರು. ಚಿರಂತನ ಮಾತ್ರ ದಪ್ಪನೆಯ ಕಪ್ಪು ಜಾಕೆಟ್ಟಿನ ಜಿಪ್ಪನ್ನು ಗಂಟಲವರೆಗೆ ಎಳೆದುಕೊಂಡಿದ್ದ. ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಚಳಿಗಾಲದುದ್ದಕ್ಕೂ ಅವನು ಮನೆಯೊಳಗೂ ಅದನ್ನೇ ಹಾಕಿಕೊಂಡಿದ್ದುದು ಹರಿಪ್ರಸಾದನಿಗೆ ಆಗ ಹೊಳೆಯಿತು. ಫ್ಯಾಷನ್ ಇರಬೇಕೆಂದು ಬಿಟ್ಟಿದ್ದ.

ಸೈಕಲ್ ನಿಲ್ಲಿಸಿ ಕಟ್ಟೆಯ ಮೇಲೆ ಕೂತರು. ಮರಳು ತುಂಬಿದ ಒಂದು ಹಡಗು ನಿಧಾನವಾಗಿ ಗೇಟಿನೊಳಗೆ ಬರುತ್ತಿತ್ತು.

"ನಿನ್ನ ಸರ್ ಮೇಲ್ ಮಾಡಿದ್ರು," ಎಂದ ಹರಿಪ್ರಸಾದ, ಹಡಗನ್ನೇ ನೋಡುತ್ತ. "ಮೊಣಕಾಲಿನ ವಿಷ್ಯ."

ಹಡಗಿನವಳೊಬ್ಬಳು ಹಗ್ಗವನ್ನು ಗೂಟಕ್ಕೆ ಎಸೆದು ಬಿಗಿದಳು. ಹಿಂದಿನ ಗೇಟು ಮುಚ್ಚಿಕೊಂಡಿತು.

"ಅಪ್ಪ, ಮುಂಜೀಲಿ ಶರ್ಟ್ ಹಾಕ್ಕೋಬಹುದಾ?" ಎಂದು ಕೇಳಿದ ಚಿರಂತನ.

ಹಾಗೆಲ್ಲ ಆಗುವುದಿಲ್ಲ, ಪಂಚೆ ಉಟ್ಟು ಬರಿಮೈಯಲ್ಲೇ ಕೂರಬೇಕು ಎಂದು ಹೇಳಲು ಹೊರಟ ಹರಿಪ್ರಸಾದ ಮಗನ ಕಡೆ ತಿರುಗಿದ. ಹುಡುಗ ಎರಡು ಕೈಗಳನ್ನೂ ಎದೆಗೆ ಅಡ್ಡ ಕಟ್ಟಿಕೊಂಡು ಕೂತಿದ್ದ.

"ಯಾಕೋ?"

ಚಿರಂತನ ಹೇಳಿದ. ಅರ್ಧ ಕನ್ನಡ, ಅರ್ಧ ಇಂಗ್ಲಿಷು. ನವೆಂಬರಿನಿಂದ ಎದೆಯ ಎರಡೂ ಕಡೆ ಗಂಟಿನ ಹಾಗೆ ಆಗಿದೆ. ಮುಟ್ಟಿದರೆ ನೋಯುತ್ತದೆ. ಊದಿಕೊಂಡು ಹುಡುಗಿಯರ ಹಾಗೆ ಕಾಣುತ್ತದೆ. ಆಟದ ಪೀರಿಯಡ್ ಮುಗಿಸಿ ಬಟ್ಟೆ ಬದಲಾಯಿಸುವಾಗ ಸೆಮ್ ಎಂಬ ಹುಡುಗ ನೋಡಿ ಏನೋ ಅಂದ, ನಾಲ್ಕೈದು ಜನ ನಕ್ಕರು. ಅಂದಿನಿಂದ ಮೊಣಕಾಲು ನೋವು.

"ಅಲ್ಲಿ ತಾತನ ಫ್ರೆಂಡ್ಸು, ಕಸಿನ್ಸು, ವಿಡಿಯೋ ಎಲ್ಲ ಇರತ್ತೆ," ಎಂದ. "ಅರ್ಧ ದಿನ ಹಾಗೆ ಕೂತ್ಕೋಬೇಕು. ನನ್ ಕೈಲಿ ಆಗಲ್ಲ."

ಒಂದು ತಿಂಗಳು ತಾನು ಧರ್ಮ, ಸಂಸ್ಕೃತಿ ಎಂದು ಭಾಷಣ ಮಾಡಿದ್ದೆಲ್ಲ ಹರಿಪ್ರಸಾದನ ಕಣ್ಣೆದುರು ಬಂತು.

"ಮತ್ತೆ ಆ ಹಾಳೇಲಿ ಬರ್ದಿದ್ದೆಲ್ಲ?"

"ಅದೂ ನಿಜಾನೇ," ಎಂದ ಚಿರಂತನ. "ಆದ್ರೆ ಮೇನ್ ರೀಸನ್ ಅದಲ್ಲ."

ತನಗೂ ಹೀಗೇ ಆಗಿತ್ತು ಎಂದು ಹೇಳಿಬಿಟ್ಟರೆ ಹುಡುಗನಿಗೆ ಹಗುರವಾದೀತು ಎನ್ನಿಸಿತು ಹರಿಪ್ರಸಾದನಿಗೆ. ಆದರೆ ಆಗಿರಲಿಲ್ಲ. "ನಂಗೆ ಹೀಗಾಗಿರಲಿಲ್ಲ ಕಣೋ," ಎಂದ. "ಇದೇನು ಅಂತಾನೂ ಗೊತ್ತಿಲ್ಲ. ಡಾಕ್ಟರ್ ಹತ್ರ ಹೋಗೋಣ. ಅಲ್ಲೀವರ್ಗೂ ನಾನು ಯಾರಿಗೂ ಹೇಳಲ್ಲ."

"ಅಮ್ಮನಿಗೆ ಹೇಳು, ಪರವಾಗಿಲ್ಲ. ತಾತಂಗೆ ಬೇಡ."

"ಆಯ್ತು. ತಾತಂಗೆ ಹೇಳಲ್ಲ."

ಬುಧವಾರ ಫ್ಯಾಮಿಲಿ ಡಾಕ್ಟರ್ ಹತ್ತಿರ ಹೋದರು. ಒಳಗೆ ಕರೆದಾಗ ಚಿರಂತನ, "ನೀನು ಆಚೆ ಇರು," ಎಂದ. ಹರಿಪ್ರಸಾದ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು, ಹಲ್ಲುಜ್ಜುವ ಬಗೆಯ ಪೋಸ್ಟರನ್ನು ಪದಪದವಾಗಿ ಓದಿದ. ಹತ್ತು ನಿಮಿಷಕ್ಕೆ ಹುಡುಗ ಹೊರಬಂದ. ಇಬ್ಬರೂ ಮನೆಯ ಕಡೆ ನಡೆದರು.

"ಇದು ಪ್ಯೂಬರ್ಟೀಲಿ ಆಗತ್ತಂತೆ," ಎಂದ ರಸ್ತೆ ತಿರುಗಿದ ಮೇಲೆ. "ಹೆಚ್ಚು ಕಮ್ಮಿ ಅರ್ಧ ಹುಡುಗರಿಗೆ ಆಗತ್ತೆ, ಯಾರೂ ಹೇಳಲ್ಲ ಅಂದ್ರು. ತಾನೇ ಹೋಗತ್ತೆ. ಆರು ತಿಂಗಳಾದ್ಮೇಲೆ ಮತ್ತೆ ಬಾ ಅಂದ್ರು."

"ಎಷ್ಟು ದಿನಕ್ಕೆ ಹೋಗತ್ತೆ?"

"ಒಂದು ವರ್ಷ. ಎರಡೂ ಆಗ್ಬಹುದು." ಸ್ವಲ್ಪ ದೂರ ನಡೆದು, "ಎರಡು ವರ್ಷ ಅಂದ್ರೆ ತುಂಬಾ ಅಪ್ಪ," ಎಂದ.

"ಹೌದು," ಎಂದ ಹರಿಪ್ರಸಾದ.

ಮೈಥಿಲಿ ಎಲ್ಲವನ್ನೂ ಕೇಳಿ, ಮರುದಿನ ಎರಡು ಸಡಿಲವಾದ ಅಂಗಿ ತಂದು ಅವನ ಕಪಾಟಿನಲ್ಲಿಟ್ಟಳು. ಶಾಲೆಗೆ ಗಂಡ ಹೆಂಡತಿ ಇಬ್ಬರೂ ಹೋಗಿ ಬಂದರು. ಆಟದ ಮೇಷ್ಟ್ರು ತಮ್ಮ ಕೋಣೆಯಲ್ಲೇ ಅವನು ಬಟ್ಟೆ ಬದಲಾಯಿಸಲೆಂದು ಕೀಲಿ ಕೊಟ್ಟರು. ಸೆಮ್‌ನೊಡನೆ ಮೆಂಟರ್ ಬೇರೆಯಾಗಿ ಮಾತಾಡಿದರು. ಅವನು ಕ್ಷಮೆಯನ್ನೇನೂ ಕೇಳಲಿಲ್ಲ. ಆದರೆ ಮತ್ತೆ ಬಾಯಿ ಬಿಡಲಿಲ್ಲ.

ಇನ್ನು ಉಳಿದದ್ದು ತಾತ. ಹರಿಪ್ರಸಾದ ಅಪ್ಪನಿಗೆ ಫೋನ್ ಮಾಡಿ, ಪ್ರಾಜೆಕ್ಟಿನ ಕೆಲಸ ಬಂದು ರಜೆ ರದ್ದಾಯಿತು, ಮುಂಜಿ ಈ ವರ್ಷ ಬೇಡ ಎಂದ. ಛತ್ರದವರಿಗೆ, ನೆಂಟರಿಗೆ ಈಗ ಏನು ಹೇಳಲಿ ಎಂದು ಅವರು ಕೇಳಿದರು. ಮುಂದಿನ ಭಾನುವಾರ ಇವನು ಮಾಡಿದ ಫೋನನ್ನು ಅವರು ತೆಗೆಯಲಿಲ್ಲ. ಅದರ ಮುಂದಿನ ಭಾನುವಾರ ತೆಗೆದು, "ಕೆಲಸ ನೋಡ್ಕೋ," ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ಹರಿಪ್ರಸಾದ ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಕಿಟಕಿಯ ಬಳಿ ನಿಂತಿದ್ದುದನ್ನು ಚಿರಂತನ ಸೋಫಾದಿಂದ ನೋಡಿದ.

"ಕೊಡು ಅಪ್ಪ," ಎಂದು ಫೋನ್ ತೆಗೆದುಕೊಂಡು ತಾನೇ ಮತ್ತೆ ಮಾಡಿದ.

"ತಾತ, ನಾನು ಚಿರಂತನ. ಅಪ್ಪಂಗೆ ರಜೆ ಇದೆ. ಮುಂಜಿ ಬೇಡ ಅಂದಿದ್ದು ನಾನು. ನನ್ ಮೈಯಲ್ಲಿ ಏನೋ ಚೇಂಜ್ ಆಗ್ತಿದೆ. ಡಾಕ್ಟರ್ ಪರವಾಗಿಲ್ಲ ಅಂದಿದಾರೆ. ಆದ್ರೆ ಎಲ್ಲರ ಮುಂದೆ ಶರ್ಟ್ ಇಲ್ದೆ ಕೂತ್ಕೊಳಕ್ಕೆ ನಂಗೀಗ ಆಗಲ್ಲ. ಅಪ್ಪನ್ನ ಬೈಬೇಡಿ."

ಹೇಳುವಾಗ ಅವನ ದನಿ ಎರಡು ಕಡೆ ಒಡೆಯಿತು. ಆ ಕಡೆಯಿಂದ ತಾತ, "ಡಾಕ್ಟರು ಪರವಾಗಿಲ್ಲ ಅಂದ್ರು ತಾನೇ? ಸರಿಯಾಗಿ ನೋಡಿದ್ರಾ?" ಎಂದರು.

"ನೋಡಿದ್ರು ತಾತ."

"ಸರಿ. ಅಪ್ಪಂಗೆ ಕೊಡು."

ಹರಿಪ್ರಸಾದ ಫೋನ್ ಕಿವಿಗಿಟ್ಟುಕೊಂಡ.

"ನಂಗ್ಯಾಕೋ ಸುಳ್ಳು ಹೇಳ್ದೆ?"

"ಹೇಳಲ್ಲ ಅಂತ ಅವನಿಗೆ ಮಾತು ಕೊಟ್ಟಿದ್ದೆ ಅಪ್ಪ."

ತಾತ ಉಸಿರು ಬಿಟ್ಟದ್ದು ಕೇಳಿಸಿತು. "ಟಿಕೆಟ್ ಕ್ಯಾನ್ಸಲ್ ಮಾಡ್ಸಿದ್ಯಾ?"

"ಇನ್ನೂ ಇಲ್ಲ."

"ಮಾಡಿಸ್ಬೇಡ. ಬನ್ನಿ ಎಲ್ಲಾರೂ. ಮುಂಜಿ ಯಾವತ್ತಾದ್ರೂ ಆಗತ್ತೆ. ಮಾವಿನಹಣ್ಣು ಮಳೆ ಬಂದ್ರೆ ಮುಗಿದುಹೋಗತ್ತೆ."

ಅವರು ಹೋದರು. ನೆಂಟರಲ್ಲಿ ಕೆಲವರು ಮುಂಜಿಯ ಮಾತೆತ್ತಿದಾಗ ತಾತ, "ನಾವೇ ಮುಂದಕ್ಕೆ ಹಾಕಿದ್ವಿ," ಎಂದು ಮಾತು ಮುಗಿಸುತ್ತಿದ್ದರು. ಚಿರಂತನ ಅಮ್ಮ ತಂದಿದ್ದ ಅಂಗಿಯಲ್ಲೇ ಎರಡು ವಾರ ಕಳೆದ. ಮಧ್ಯಾಹ್ನ ಊಟವಾದ ಮೇಲೆ ತಾತನ ಜೊತೆ ಜಗಲಿಯಲ್ಲಿ ಕೂತು, ಮೊಣಕೈವರೆಗೆ ರಸ ಸುರಿಸಿಕೊಂಡು ಬಾದಾಮಿ ಮಾವಿನಹಣ್ಣು ತಿಂದ.