ಮೀನುಗೊಬ್ಬರದ ಬಕೆಟ್ಟು

ವೆಂಡೆಲ್ ಸತ್ತದ್ದು ಬೇಸಿಗೆಯಲ್ಲಿ. ಅವನು ಕುಂಡಗಳಲ್ಲಿ ನೆಟ್ಟಿದ್ದ ಆರು ಗಾಂಜಾ ಗಿಡಗಳು ಮಾತ್ರ ಅದರ ಪರಿವೆಯೇ ಇಲ್ಲದೆ ಬೇಲಿಗಿಂತ ಎತ್ತರಕ್ಕೆ ಬೆಳೆದು ನಿಂತಿದ್ದವು. ಹಂಬೋಲ್ಟ್ ಜಿಲ್ಲೆಯ ಆ ಗುಡ್ಡದಲ್ಲಿ ಮನೆಗೆ ಆರು ಗಿಡ ಬೆಳೆಯಲು ಕಾನೂನೇ ಬಿಟ್ಟಿದೆ. ಬಿಡುವ ಮೊದಲೂ ಅಲ್ಲಿ ಯಾರೂ ಕೇಳಿ ಬೆಳೆಯುತ್ತಿರಲಿಲ್ಲ ಅನ್ನಿ.

ಅಕ್ಟೋಬರಿನಲ್ಲಿ ಪಕ್ಕದ ಮನೆಯ ಮುದುಕ ಡೆಲ್ಬರ್ಟ್ ಬೇಲಿಯಾಚೆಯಿಂದ ಹೂಗಳನ್ನು ಇಣುಕಿ ನೋಡಿ, ವೆಂಡೆಲ್‌ನ ಹೆಂಡತಿಯನ್ನು ಕರೆದ.

"ಹೂವಿನ ಬಿಳಿ ಎಳೆಗಳೆಲ್ಲಾ ಕೆಂಪಾಗಿವೆ ಕಣೇ ಮಾರ್ಲಿಸ್, ಕೊಯ್ಲು ಹತ್ರ ಬಂತು. ಇನ್ನು ಆ ಮೀನುಗೊಬ್ಬರ ಸಾಕು. ಕೊಯ್ಯೋವರೆಗೂ ಬರೀ ನೀರು ಕೊಡು, ತಿಂದಿದ್ದೆಲ್ಲ ತೊಳ್ಕೊಂಡು ಹೋಗ್ಲಿ. ಇಲ್ದಿದ್ರೆ ಸೇದೋವಾಗ ಮೀನಿನ ನಾತ ಗಂಟಲಿಗೆ ಹಿಡಿಯುತ್ತೆ."

"ಎಲೆ ಹಳದಿ ಆಗ್ತವಲ್ಲೋ?"

"ಆಗ್ಬೇಕು. ವೆಂಡೆಲ್ ವರ್ಷಾ ವರ್ಷಾ ಅದನ್ನೇ ಕಾಯ್ತಿದ್ದ."

ಮಾರ್ಲಿಸ್‌ಗೆ ಮೈಯೆಲ್ಲ ಉರಿಯಿತು. ಬರೀ ನೀರು! ಕೊನೆಯ ದಿನಗಳಲ್ಲಿ ವೆಂಡೆಲ್‌ನ ಹಾಸಿಗೆಯ ಪಕ್ಕ ನಿಂತು ನರ್ಸ್ ಕೂಡ ಹೇಳಿದ್ದು ಇದನ್ನೇ. ಬಲವಂತ ಮಾಡಬೇಡಿ, ಬಾಯಿಗೆ ನೀರು ಬಿಡಿ, ಸಾಕು. ಆದರೂ ಇವಳು ಕೋಳಿ ಸೂಪಿನ ಚಮಚ ಹಿಡಿದು ಗೋಗರೆದಳು, ಬೈದಳು. ಅವನು ಪ್ರತಿ ಸಲ ಒಂದು ಒಣಕೆಮ್ಮು ಕೆಮ್ಮಿ ಗೋಡೆ ಕಡೆ ಮುಖ ತಿರುಗಿಸಿದ. ಹಸಿವಿನಲ್ಲೇ ಕಳಿಸಿಬಿಟ್ಟೆನಲ್ಲ ಎಂಬ ಕೊರಗು ಅವಳನ್ನು ಇವತ್ತಿಗೂ ಬಿಟ್ಟಿರಲಿಲ್ಲ. ಈಗ ಅವನ ಗಿಡಗಳನ್ನೂ ಉಪವಾಸ ಕೆಡವಬೇಕೆ? ಬೆಳಿಗ್ಗೆ ಹಾಕೋಣವೆಂದು ಮೀನುಗೊಬ್ಬರವನ್ನು ಇನ್ನಷ್ಟು ಗಟ್ಟಿಯಾಗಿ ಕದಡಿ, ಬಕೆಟ್ಟನ್ನು ಬೇಲಿಯ ಬಾಗಿಲೊಳಗೆ ಇಟ್ಟಳು.

ಬೆಳಿಗ್ಗೆ ಬಕೆಟ್ಟು ಬೋರಲು ಬಿದ್ದಿತ್ತು. ಬಾಗಿಲಿಗೆ ಹಾಕಿದ ಚಿಲಕ ಹಾಕಿದಂತೆಯೇ ಇತ್ತು. ಯಾವುದೋ ಪ್ರಾಣಿಯಿರಬೇಕು ಎಂದುಕೊಂಡು ಮತ್ತೆ ಕದಡಿ, ಮುಚ್ಚಳದ ಮೇಲೆ ಕಲ್ಲು ಹೇರಿದಳು. ಮರುದಿನವೂ ಗೊಬ್ಬರ ನೆಲದ ಪಾಲು. ಮುಚ್ಚಳ ಮತ್ತು ಕಲ್ಲು ಮಾತ್ರ ಒಂದರ ಮೇಲೊಂದು ಜೋಡಿಸಿದಂತೆ ಪಕ್ಕದಲ್ಲಿದ್ದವು. ಅಷ್ಟು ನಾಜೂಕು ಯಾವ ಪ್ರಾಣಿಗಿರುತ್ತದೆ? ಅವಳು ನೇರ ಡೆಲ್ಬರ್ಟ್‌ನ ಮನೆಗೆ ನುಗ್ಗಿದಳು.

"ನಾಚಿಕೆ ಆಗಲ್ವಾ ನಿಂಗೆ? ಬೇಲಿ ಹಾರಿ ಬಂದು ನನ್ನ ಗೊಬ್ಬರ ಚೆಲ್ತೀಯಾ?"

"ಬೇಲಿ ಹಾರೋದಾ? ಕಾಲುಚೀಲ ಹಾಕ್ಕೊಳ್ಳೋಕೇ ನಂಗೆ ಅರ್ಧ ಬೆಳಗು ಬೇಕು ಕಣೇ!" ಎಂದು ಅವನು ನಕ್ಕ.

ಅಂದು ಸಂಜೆ ಅವಳು ಮತ್ತೆ ಗೊಬ್ಬರ ಕದಡಿಟ್ಟು, ಗಿಡಗಳ ನಡುವೆ ಕುರ್ಚಿ ಹಾಕಿಕೊಂಡು ಕೂತಳು. ಸಮುದ್ರದ ಕಡೆಯಿಂದ ಮಂಜು ಏರಿ ಬರುತ್ತಿತ್ತು. ಎಲೆಗಳು ಇನ್ನೂ ಕಡುಹಸಿರು. ಒಂದು ಹೂಗೊಂಚಲಿನ ಒಳಗೆ ಆಗಲೇ ಬೂದುಬಣ್ಣದ ಬೂಷ್ಟು ಹಿಡಿದಿತ್ತು. ಅದನ್ನು ನೋಡುತ್ತಿರುವಾಗಲೇ ಬೆನ್ನ ಹಿಂದೆ ಕೆಮ್ಮು ಕೇಳಿಸಿತು. ಒಣಕೆಮ್ಮು, ಒಂದೇ ಒಂದು. ತಿರುಗಿ ನೋಡಿದರೆ ಬಕೆಟ್ಟು ಮೆಲ್ಲಗೆ ವಾಲುತ್ತಿತ್ತು, ಯಾರೋ ಅಂಚು ಹಿಡಿದು ಬಗ್ಗಿಸಿದಂತೆ.

ಅವಳು ಬೆಚ್ಚಿ ಎದ್ದು ನಿಂತಳು. ಆದರೆ ಬಾಯಿಗೆ ಬಂದದ್ದು ಸಿಟ್ಟು.

"ಮತ್ತಿನ್ನೇನು ಕೊಡ್ಲಿ ನಿಂಗೆ? ಹಸ್ಕೊಂಡು ಹೋಗ್ತೀಯಲ್ಲೋ!"

ಮೂಲೆಯ ನಲ್ಲಿ ತಾನಾಗಿ ತೊಟ್ಟಿಕ್ಕತೊಡಗಿತು.

ಮಾರ್ಲಿಸ್ ನಲ್ಲಿಯ ಹತ್ತಿರ ಹೋದಳು. ಅದರಲ್ಲಿ ಬರುವ ಬಾವಿಯ ತಿಳಿನೀರು ಹಿಡಿದು, ಒಂದೊಂದು ಕುಂಡಕ್ಕೂ ಅಡಿಯಿಂದ ಸೋರುವ ತನಕ ಸುರಿದಳು. "ಕುಡಿ," ಅಂದಳು, ಅಳುತ್ತ. ಕೆಮ್ಮು ಕೇಳಿಸಲಿಲ್ಲ.

ಎಲೆಗಳು ಹಳದಿಗೆ ತಿರುಗಿ ಉದುರತೊಡಗಿದವು. ಅವಳು ದಿನವೂ ಬಂದು ಅದನ್ನು ಕಣ್ಣುಬಿಟ್ಟು ನೋಡಿದಳು. ಬೂಷ್ಟು ಹಿಡಿದ ಗೊಂಚಲನ್ನು ಕಿತ್ತೆಸೆದಳು, ಉಳಿದುದನ್ನು ಕೊಯ್ದು ಕೊಟ್ಟಿಗೆಯಲ್ಲಿ ತೂಗುಹಾಕಿದಳು. ಒಣಗಿದ ಮೇಲೆ ಡೆಲ್ಬರ್ಟ್ ಒಂದು ಹೂವನ್ನು ಕಾಗದದಲ್ಲಿ ಸುತ್ತಿ ಹಚ್ಚಿ, ಬೂದಿಯನ್ನು ಅಂಗೈಗೆ ಉದುರಿಸಿ ತೋರಿಸಿದ.

"ನೋಡಿಲ್ಲಿ, ಹೆಂಗೆ ಬೆಳ್ಳಗಿದೆ. ಒಳಗೆ ಗೊಬ್ಬರ ಒಂಚೂರೂ ಉಳಿದಿಲ್ಲ. ಚೆನ್ನಾಗಿ ಕಳಿಸ್ಕೊಟ್ಟೆ ಕಣೇ."

ಮಾರ್ಲಿಸ್ ಅವನ ಅಂಗೈಯನ್ನೇ ನೋಡುತ್ತಿದ್ದಳು.

ಕುಂಡಗಳಲ್ಲಿ ಈಗ ಬರೀ ಕೂಳೆ. ಆದರೂ ಅಂದು ಸಂಜೆ ಅವಳು ಮತ್ತೆ ಮೀನುಗೊಬ್ಬರ ಕದಡಿ ಬಕೆಟ್ಟನ್ನು ಅದೇ ಜಾಗದಲ್ಲಿಟ್ಟಳು. ಮುಚ್ಚಳ ಹಾಕಲಿಲ್ಲ, ಕಲ್ಲು ಹೇರಲಿಲ್ಲ, ಬಾಗಿಲನ್ನೂ ತೆರೆದೇ ಬಿಟ್ಟಳು. ಬೆಳಗಾದದ್ದೇ ಬರಿಗಾಲಲ್ಲಿ ಓಡಿಬಂದಳು.

ಬಕೆಟ್ಟು ಇಟ್ಟಲ್ಲೇ ಇತ್ತು, ಕಂಠಮಟ್ಟ ತುಂಬಿಕೊಂಡು, ಒಂದು ಹನಿಯೂ ಚೆಲ್ಲದೆ.