ಹನ್ನೊಂದನೆಯ ಓ

"ಮೇಸ್ತ್ರಿ, ನಾನು ಓ ಅಂದಿದ್ನಾ?"

ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದ ಗುಬ್ಬಿ ಕೇಳುತ್ತಿದ್ದುದು ಇದು ಮೂರನೆಯ ಸಲ. ಅವನ ಬಲಗಾಲು ಮೊಣಕಾಲಿಗೇ ಮುಗಿದಿತ್ತು. ಅದರಾಚೆ ಹೊದಿಕೆ ಚಪ್ಪಟೆಯಾಗಿ ಬಿದ್ದಿತ್ತು. ಮೇಸ್ತ್ರಿ ಸ್ಟೂಲಿನ ತುದಿಯಲ್ಲಿ ಕೂತು ನೆಲ ನೋಡುತ್ತಿದ್ದರು.

ಕಲ್ಲುಗಣಿಯಲ್ಲಿ ಮದ್ದಿನ ಬತ್ತಿಗೆ ಬೆಂಕಿ ಕೊಡುವ ಮೊದಲು ಅವರು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೂಗಬೇಕು. ಬಂಡೆಯ ಮರೆ ಸೇರಿದವನು ಅಲ್ಲಿಂದಲೇ ಓ ಅನ್ನಬೇಕು. ಹನ್ನೊಂದು ಜನ, ಹನ್ನೊಂದು ಓ. ಒಂದು ಕಮ್ಮಿಯಾದರೂ ಕಡ್ಡಿ ಗೀರುವಂತಿಲ್ಲ. ಹತ್ತೊಂಬತ್ತು ವರ್ಷ ಹಾಗೆಯೇ ನಡೆದುಬಂದಿತ್ತು. ನಾಲ್ಕು ದಿನದ ಹಿಂದೆ, ಗುಬ್ಬಿಯ ಕಾಲು ಹೋದ ದಿನವೂ, ಹನ್ನೊಂದು ಬಂದಿದ್ದವು.

"ಉಳಿ ಮರೆತಿದ್ದೆ, ತರೋಕೆ ಹೋದೆ. ಅಷ್ಟೇ ನೆನಪು," ಎಂದ ಗುಬ್ಬಿ. "ನಾನು ಓ ಅಂದು ಆಮೇಲೆ ಎದ್ದು ಹೋದೆ ಅಂತ ಗಣಿ ಆಫೀಸಿನವರು ಬರ್ಕೊಂಡಿದಾರೆ. ತಪ್ಪು ನಂದೇ ಅಂತ ಸೈನ್ ಹಾಕಿಸ್ಕೊಳ್ಳೋಕೆ ಸಂಜೆ ಬರ್ತಾರಂತೆ. ಅಷ್ಟು ದಡ್ಡನಾ ನಾನು?"

"ದಡ್ಡ ಅನ್ನೋದ್ರಲ್ಲಿ ಅನುಮಾನ ಬೇರೆನಾ?" ಕಿತ್ತಳೆ ಸುಲಿಯುತ್ತಿದ್ದ ಅಕ್ಕ ಅಂದಳು. "ಸ್ಕೂಲಲ್ಲಿ ಚಪ್ಪಲಿ ಬಿಟ್ಟು ಬಂದು, ಅದನ್ನ ತರೋಕೆ ಹೋಗಿ ಚೀಲ ಬಿಟ್ಟು ಬಂದೋನು ನೀನು." ಅವಳ ನಗು ತುಟಿಯ ಮೇಲೆಯೇ ಒಣಗಿತು.

ಅವಳ ಗಂಡನೂ ಅದೇ ಗಣಿಯವನು. ದಿನವೂ ವಾರ್ಡಿನ ಬಾಗಿಲವರೆಗೆ ಬಂದು ಹೊರಗೇ ನಿಂತಿರುತ್ತಿದ್ದ. ಮೇಸ್ತ್ರಿ ವಾರ್ಡಿಗೆ ಬರುವ ಮೊದಲು ಅವಳು ಅವರನ್ನು ಮೆಟ್ಟಿಲ ಬಳಿ ತಡೆದಿದ್ದಳು. "ನಮ್ಮನೆಯವರು ಬೇಕೂಂತ ಮಾಡಿದ್ದಲ್ಲಣ್ಣ. ಊಟಕ್ಕೆ ಹೊತ್ತಾಗಿತ್ತು. ಭಾಮೈದ ಮರೆಗೆ ಬಂದಾಯ್ತು ಅಂದ್ಕೊಂಡು ಅವನ ಬದ್ಲು ಓ ಅಂದ್ಬಿಟ್ರು. ಜೈಲಿಗೆ ಹಾಕಿದ್ರೆ ನನ್ನ ಮಕ್ಕಳ ಗತಿ ಏನು? ನಿಮ್ಮ ಕಾಲಿಗೆ ಬೀಳ್ತೀನಿ, ಯಾರಿಗೂ ಹೇಳ್ಬೇಡಿ."

ಅವಳಿಗೆ ತಿಳಿಯದ್ದು ಇನ್ನೊಂದಿತ್ತು. ಗುಬ್ಬಿಯ ದನಿ ತೆಳುವು. ಆ ದಿನ ಅವನ ಹೆಸರಿಗೆ ಬಂದ ಓ ದಪ್ಪಗಿತ್ತು. ಮೇಸ್ತ್ರಿಯ ಕಿವಿಗೆ ಅದು ಆಗಲೇ ಸಿಕ್ಕಿತ್ತು. ಆದರೆ ಕಡ್ಡಿ ಕೈಯಲ್ಲಿತ್ತು, ಅವರಿಗೂ ಹಸಿವಾಗಿತ್ತು.

"ಹೇಳಿ ಮೇಸ್ತ್ರಿ. ನೀವು ಹೂಂ ಅಂದ್ರೆ ಮುಗೀತು, ಸೈನ್ ಹಾಕ್ಬಿಡ್ತೀನಿ."

ಅಕ್ಕನ ಬೆರಳುಗಳು ನಿಂತವು.

"ಇಲ್ಲ ಕಣೋ," ಎಂದರು ಮೇಸ್ತ್ರಿ. "ನೀನು ಅನ್ನಲಿಲ್ಲ. ದನಿ ನಿಂದಲ್ಲ ಅಂತ ನಂಗೆ ಅಲ್ಲೇ ಗೊತ್ತಾಯ್ತು. ಗೊತ್ತಾಗಿಯೂ ಕಡ್ಡಿ ಗೀರಿದೆ. ಸಂಜೆ ಅವರ ಮುಂದೆ ಇದನ್ನೇ ಹೇಳ್ತೀನಿ. ನೀನು ಯಾವ ಕಾಗದಕ್ಕೂ ಸೈನ್ ಹಾಕ್ಬೇಡ."

ಗುಬ್ಬಿ ಮೊಣಕೈ ಊರಿ ಅರ್ಧ ಎದ್ದು ಕೂತ.

"ಮತ್ತೆ ಅಂದಿದ್ದು ಯಾರು?"

ಮೇಸ್ತ್ರಿ ಅಕ್ಕನ ಕಡೆ ನೋಡಿದರು.

ಅಕ್ಕ ಹಣ್ಣನ್ನು ಪಕ್ಕಕ್ಕಿಟ್ಟು ಎದ್ದಳು. ಬಾಗಿಲಾಚೆ ಹೋಗಿ, ಗಂಡನ ತೋಳು ಹಿಡಿದು ಒಳಗೆ ಕರೆತಂದು, ತಮ್ಮನ ಕಾಲ್ದೆಸೆಯಲ್ಲಿ ನಿಲ್ಲಿಸಿದಳು. ಅವನು ತಲೆ ಎತ್ತಲಿಲ್ಲ. ಮಂಚದ ಕಬ್ಬಿಣದ ಸರಳನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡ.